ಕಾಣಿಕೆ ಡಬ್ಬಿಯ ಎದುರು ಎತ್ತಿದ ಕೈ

ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ಶಿರ್ತಾಡಿಯಿಂದ ಮೂಡುಬಿದಿರೆಗೆ ಬರುವಾಗ ನನಗೆ ಸೀಟು ಸಿಕ್ಕಿದ ದಿನಗಳು ತೀರಾ ಕಡಿಮೆ. ಕಾಲೇಜಿನ ಮಕ್ಕಳು, ಅವರ ಬ್ಯಾಗುಗಳು, ಆಸ್ಪತ್ರೆಗೆ ಹೋಗುವವರು, ಎಲ್ಲರಿಗೂ ಅದೇ ಬಸ್ಸು. ನಾನು ಎದುರಿನ ಬಾಗಿಲ ಹತ್ತಿರದ ಕಂಬ ಹಿಡಿದು ನಿಲ್ಲುತ್ತೇನೆ. ಆ ಬಸ್ಸಿನ ಕಂಡಕ್ಟರ್ ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಆದರೂ ನನ್ನನ್ನು ಕರೆಯುವುದು ಅಕ್ಕ ಎಂದೇ. ಅವರ ಪಾಲಿಗೆ ಬಸ್ಸಿನಲ್ಲಿರುವ ಹೆಂಗಸರೆಲ್ಲ ಅಕ್ಕಂದಿರು, ಮತ್ತು ಎಲ್ಲ ಅಕ್ಕಂದಿರೂ ಇನ್ನು ಸ್ವಲ್ಪ ಎದುರು ಹೋಗಬೇಕಾದವರು. ನೋಟುಗಳನ್ನು ಉದ್ದಕ್ಕೆ ಮಡಚಿ ಎಡಗೈ ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಅದೇ ಕೈಯಲ್ಲಿ ಟಿಕೆಟ್ ಮೆಷಿನ್ ಹಿಡಿದು, ಬಲಗೈಯಿಂದ ಬಾಗಿಲಿಗೆ ಎರಡು ಬಡಿದು ಅವರು "ರೈಟ್ ಪೋಯಿ" ಎಂದರೆ ಬಸ್ಸು ಹೊರಟಿತೆಂದೇ ಅರ್ಥ. ದಾರಿಯಲ್ಲಿ ಒಂದು ತಿರುವಿನಲ್ಲಿ ದೈವದ ಕಾಣಿಕೆ ಡಬ್ಬಿ ಇದೆ. ಅಲ್ಲಿ ಬಸ್ಸು ನಿಧಾನ ಆಗುತ್ತದೆ, ಕಂಡಕ್ಟರ್ ಇಳಿದು ನಾಣ್ಯ ಹಾಕಿ ಓಡಿ ಬಂದು ಹತ್ತುತ್ತಾರೆ. ಮತ್ತೆ ನಿಲ್ಲುವುದು ಮುಂದಿನ ಸ್ಟಾಪಿನಲ್ಲಿ.

ನಾನು ಕೆಲಸ ಮಾಡುವುದು ಒಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ. ಟೈಪಿಂಗ್ ನನಗೆ ಯಾರೂ ಕಲಿಸಲಿಲ್ಲ. ಪಿಯುಸಿ ಆದ ಮೇಲೆ ಹಳೆಯ ಕೀಬೋರ್ಡ್ ಒಂದನ್ನು ಮನೆಗೆ ತಂದು, ಅಕ್ಷರಗಳ ಮೇಲೆ ಸ್ಟಿಕರ್ ಅಂಟಿಸಿ ಕಲಿತದ್ದು. ಕಾನೂನಿನ ಹುಚ್ಚು ಹಿಡಿದದ್ದೂ ಹಾಗೆಯೇ. ದಿನವಿಡೀ ವಕೀಲರ ಕಾಗದಗಳನ್ನು ಟೈಪ್ ಮಾಡುತ್ತಾ, ಇದು ಯಾಕೆ ಹೀಗೆ, ಈ ಸೆಕ್ಷನ್ ಅಂದರೆ ಏನು ಎಂದು ಮೊಬೈಲಿನಲ್ಲಿ ಹುಡುಕುತ್ತಾ, ಊಟದ ಹೊತ್ತಿನಲ್ಲಿ ವಿಡಿಯೋ ನೋಡುತ್ತಾ ಕಲಿತೆ. ಯಾರನ್ನಾದರೂ ಬಂಧಿಸುವಾಗ ಏನು ಹೇಳಬೇಕು, ಯಾರಿಗೆ ತಿಳಿಸಬೇಕು, ಬೇಡಿ ಯಾವಾಗ ಹಾಕಬಹುದು, ಎಲ್ಲ ನನಗೆ ಬಾಯಿಪಾಠ. ಆದರೆ ಬಂಧನ ಎಂಬುದನ್ನು ಒಮ್ಮೆಯೂ ಕಣ್ಣಿನಲ್ಲಿ ಕಂಡವಳಲ್ಲ.

ನಮ್ಮ ಅಂಗಡಿಗೆ ಬರುವವರಲ್ಲಿ ಒಬ್ಬರು ಪೊಲೀಸ್. ಯಾವ ಠಾಣೆ ಎಂದು ಬರೆಯುವುದಿಲ್ಲ. ಊರು ಗದಗದ ಹತ್ತಿರ. ಈ ಕಡೆ ಬಂದು ನಾಲ್ಕು ವರ್ಷ ಆಗಿತ್ತು. ರಜೆಯ ಅರ್ಜಿ ಕೈಬರಹದಲ್ಲಿ ಕೊಟ್ಟರೆ ಸಾಹೇಬರು ನೋಡುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರಂತೆ, ಹಾಗಾಗಿ ನನ್ನಿಂದ ಟೈಪ್ ಮಾಡಿಸುತ್ತಿದ್ದರು. ಮೊದಲ ಅರ್ಜಿ ಹೆಂಡತಿಯ ಹೆರಿಗೆಗೆ. ಸಿಗಲಿಲ್ಲ, ಬಂದೋಬಸ್ತ್ ಇತ್ತು. ಎರಡನೆಯದು ಮಗುವನ್ನು ನೋಡಲಿಕ್ಕೆ. ಮೂರನೆಯದು ತೊಟ್ಟಿಲ ಕಾರ್ಯಕ್ಕೆ. ಹೀಗೆ ಐದು ಆಯಿತು. ಮಗಳಿಗೆ ಏಳು ತಿಂಗಳು ತುಂಬಿತ್ತು, ಅವರು ಅವಳನ್ನು ಕಂಡದ್ದು ಮೊಬೈಲಿನಲ್ಲಿ ಮಾತ್ರ. ವಿಡಿಯೋ ಕಾಲ್ ಬಂದರೆ ನನ್ನ ಕೌಂಟರಿನ ಮೇಲೆಯೇ ಮೊಬೈಲ್ ನಿಲ್ಲಿಸಿ ನನಗೂ ತೋರಿಸುತ್ತಿದ್ದರು. ಊರಿನಿಂದ ಯಾರಾದರೂ ಬಂದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದು ಕೊಡುವರು. ಒಮ್ಮೆ ಒಬ್ಬ ಕುಡಿದು ಬಂದು ಅಂಗಡಿಯ ಎದುರು ಗಲಾಟೆ ಮಾಡಿದಾಗ, ನಾನು ಶಟರ್ ಎಳೆಯುವವರೆಗೂ ಸ್ಟೂಲಿನ ಮೇಲೆ ಕೂತೇ ಇದ್ದರು. ಪೊಲೀಸ್ ಎಂದರೆ ನನಗೆ ಇದ್ದ ಹೆದರಿಕೆ ಅವರಿಂದ ಹೋಯಿತು.

ಇನ್ನು ನಡೆದ ವಿಷಯ. ನಮ್ಮ ಕಡೆ ಪ್ರೈವೇಟ್ ಬಸ್ಸುಗಳ ನಡುವೆ ಮೂರು ನಿಮಿಷ, ಐದು ನಿಮಿಷದ ಅಂತರ. ಎದುರಿನ ಬಸ್ಸು ಒಂದು ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿಗೆ ಜನ ಇಲ್ಲ. ಇದಕ್ಕೆ ಟೈಮಿಂಗ್ ಗಲಾಟೆ ಎನ್ನುತ್ತಾರೆ. ದಿನಾ ಬಾಯಿಯಲ್ಲಿ ಆಗುವ ಜಗಳ ಆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೈಗೆ ಹೋಯಿತು. ನಮ್ಮ ಕಂಡಕ್ಟರ್ ಇನ್ನೊಂದು ಬಸ್ಸಿನ ಡ್ರೈವರನ್ನು ದೂಡಿದರು, ಅವರು ಬಿದ್ದು ಹಣೆ ಒಡೆಯಿತು, ಹೊಲಿಗೆ ಬಿತ್ತು. ಜನ ಸೇರಿದ್ದನ್ನು ಕಂಡು ಕಂಡಕ್ಟರ್ ಅಲ್ಲಿಂದ ಜಾರಿಕೊಂಡರು. ತಪ್ಪು ಅವರದೇ. ಅದನ್ನು ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಆದರೆ ಮರುದಿನ ಬೆಳಿಗ್ಗೆ ಅವರು ಏನೂ ಆಗದ ಹಾಗೆ ಡ್ಯೂಟಿಗೆ ಬಂದಿದ್ದರು. ಓಡಿಹೋಗುವವರು ಯಾರಾದರೂ ಎಂಟರ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಾರೆಯೇ?

ಪೊಲೀಸ್ ಜೀಪು ಕಾದು ನಿಂತದ್ದು ಆ ತಿರುವಿನಲ್ಲಿ. ಜೀಪಿನ ಚಾಲಕ ಈ ಕಡೆಯವರೇ ಆದ ಕಾರಣ, ಬಸ್ಸು ಎಲ್ಲಿ ನಿಧಾನ ಆಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಬಸ್ಸಿನ ವೇಗ ಕಡಿಮೆ ಆದದ್ದೇ ತಡ, ಜೀಪು ಅಡ್ಡ ಬಂತು. ಎದುರು ಸೀಟಿನಲ್ಲಿ ಕೂತಿದ್ದ ಎಎಸ್‌ಐ ಇಳಿಯಲಿಲ್ಲ. ಹಿಂದಿನಿಂದ ಇಳಿದು ಬಸ್ಸು ಹತ್ತಿದವರು ನಮ್ಮ ರಜೆ ಅರ್ಜಿಯ ಪೊಲೀಸ್. ಕಣ್ಣು ಕೆಂಪಾಗಿದ್ದವು. ಎರಡು ದಿನದಿಂದ ಎಲ್ಲೋ ಬಂದೋಬಸ್ತಿನಲ್ಲಿದ್ದು ನೇರ ಇಲ್ಲಿಗೆ ಬಂದವರು ಎಂದು ನನಗೆ ಆಮೇಲೆ ಗೊತ್ತಾಯಿತು.

ಕಂಡಕ್ಟರ್ ಆಗ ಬಾಗಿಲ ಮೆಟ್ಟಿಲಲ್ಲೇ ನಿಂತಿದ್ದರು. ಏನು, ಯಾಕೆ ಎಂದು ಅವರು ಕೇಳಿದರು, ನಿನ್ನೆಯದ್ದಕ್ಕೆ ಎಂದು ಇವರು ಹೇಳಿದರು. ಟ್ರಿಪ್ ಮುಗಿಸಿ ನಾನೇ ಸ್ಟೇಷನ್ನಿಗೆ ಬರುತ್ತೇನೆ ಎಂದರು ಕಂಡಕ್ಟರ್. ಜೀಪಿನಿಂದ ಎಎಸ್‌ಐ, ನಿನ್ನೆ ತಪ್ಪಿಸಿಕೊಂಡವನು ಅವನು, ಬೇಡಿ ಹಾಕು ಎಂದು ಕೂಗಿದರು. ಕಂಡಕ್ಟರ್ ಮೆಷಿನ್ನನ್ನೂ ಬ್ಯಾಗನ್ನೂ ಹತ್ತಿರ ಇದ್ದ ನನ್ನ ಕೈಗೆ ಕೊಟ್ಟರು. ಪೊಲೀಸ್ ಅವರ ಎರಡೂ ಕೈಗಳನ್ನು ಎದುರಿಗೆ ತಂದು ಬೇಡಿ ಹಾಕಿದರು. ಬಸ್ಸಿನೊಳಗೆ ಅಷ್ಟು ಮಂದಿ ಇದ್ದೂ ಆ ಬೀಗದ ಸದ್ದು ಕೇಳಿತು. ಇಬ್ಬರೂ ಇಳಿದರು. ಬ್ಯಾಗನ್ನು ಯಾರಿಗೆ ಕೊಡಬೇಕು ಎಂದು ತಿಳಿಯದೆ ನಾನೂ ಹಿಂದೆಯೇ ಇಳಿದೆ.

ಜೀಪು ಇದ್ದದ್ದು ಡಬ್ಬಿಯ ಆಚೆ. ಕಂಡಕ್ಟರ್ ನಾಲ್ಕು ಹೆಜ್ಜೆ ನಡೆದು ನಿಂತರು. ನಿಂತವರು ಬೇಡಿ ಹಾಕಿದ ಎರಡೂ ಕೈಗಳನ್ನು ಒಮ್ಮೆಲೆ ಮುಖದ ಎತ್ತರಕ್ಕೆ ಎತ್ತಿದರು. ಬಲಗೈ ಮುಷ್ಟಿ ಆಗಿತ್ತು. ಪಕ್ಕದಲ್ಲಿದ್ದ ಪೊಲೀಸ್ ಒಂದು ಹೆಜ್ಜೆ ಹಿಂದೆ ಸರಿದು ಲಾಠಿ ಬೀಸಿದರು. ಎಡ ಮಣಿಕಟ್ಟಿಗೆ ಬಿತ್ತು. ಕಂಡಕ್ಟರ್ ಅಮ್ಮಾ ಎಂದು ಕುಸಿದು ಮೊಣಕಾಲೂರಿ ಕೂತರು. ಅವರು ಕೂತ ಮೇಲೆ ಇನ್ನೂ ಎರಡು ಪೆಟ್ಟು ಬಿತ್ತು, ಒಂದು ಬೆನ್ನಿಗೆ, ಒಂದು ತೋಳಿಗೆ. ಬೇಡಿ ಹಾಕಿದ ಕೈಯಿಂದ ಏನನ್ನು ತಡೆಯಲಿಕ್ಕೆ ಆಗುತ್ತದೆ. ತಲೆ ಬಗ್ಗಿಸಿಕೊಂಡು ಕೂತಿದ್ದರು ಅಷ್ಟೆ.

ಮೂರನೆಯ ಪೆಟ್ಟಾದ ಮೇಲೆ ಆ ಪೊಲೀಸ್ ತಾವಾಗಿಯೇ ನಿಂತರು. ಲಾಠಿಯನ್ನೊಮ್ಮೆ ನೋಡಿಕೊಂಡರು. ಆಮೇಲೆ ಬಗ್ಗಿ, ಕಂಡಕ್ಟರ ಕಾಲಿನಿಂದ ಜಾರಿದ್ದ ಚಪ್ಪಲಿಯನ್ನು ಎತ್ತಿ ತಂದು ಅವರ ಕಾಲಿಗೆ ಹಾಕಿ, ತೋಳು ಹಿಡಿದು ಎಬ್ಬಿಸಿ ಜೀಪಿಗೆ ಹತ್ತಿಸಿದರು. ತಿರುಗಿದಾಗ ನನ್ನನ್ನು ಕಂಡರು. ಜೀಪು ಹೋಯಿತು. ನೆಲದಲ್ಲಿ ಒಂದು ನಾಣ್ಯ ಬಿದ್ದಿತ್ತು. ನಾನು ಅದನ್ನು ಹೆಕ್ಕಿ ಡಬ್ಬಿಗೆ ಹಾಕಿ ಬಸ್ಸು ಹತ್ತಿದೆ. ಬ್ಯಾಗು, ಮೆಷಿನ್ ಎರಡನ್ನೂ ಡ್ರೈವರಿಗೆ ಕೊಟ್ಟೆ.

ಮಧ್ಯಾಹ್ನದ ಒಳಗೆ ವಿಡಿಯೋ ಬಂತು. ಬಸ್ಸಿನ ಕಿಟಕಿಯಿಂದ ಯಾರೋ ತೆಗೆದದ್ದು. ಕಂಡಕ್ಟರ್ ಬೆನ್ನು ಹಾಕಿ ನಿಂತದ್ದು, ಕೈಗಳು ಮೇಲೆ ಹೋದದ್ದು, ಲಾಠಿ ಬಂದದ್ದು, ಇಷ್ಟೇ. ಅಲ್ಲಿಗೆ ತೆಗೆದವರು ಹೆದರಿ ಮೊಬೈಲ್ ಕೆಳಗೆ ಇಳಿಸಿದ್ದಾರೆ. ಪೊಲೀಸರಿಗೇ ಹೊಡೆಯಲು ಹೋದ ಕಂಡಕ್ಟರ್ ಎಂದು ತಲೆಬರಹ ಕೊಟ್ಟು ಎಲ್ಲರೂ ಸ್ಟೇಟಸ್ ಹಾಕಿಕೊಂಡರು. ಅದರ ಕೆಳಗೆ ನಗುವ ಮುಖಗಳು.

ಎರಡು ದಿನ ಬಿಟ್ಟು ಕಂಡಕ್ಟರ ಹೆಂಡತಿ ಅಂಗಡಿಗೆ ಬಂದರು. ಬೀಡಿ ಕಟ್ಟುವವರು. ಬೆರಳ ತುದಿಗಳಲ್ಲಿ ಹೊಗೆಸೊಪ್ಪಿನ ಬಣ್ಣ ಕೂತಿತ್ತು. ನಾನು ಅಲ್ಲಿದ್ದೆ ಎಂದು ನಮ್ಮ ಬಸ್ಸಿನ ಡ್ರೈವರ್ ಹೇಳಿದ್ದರಂತೆ. ಗಂಡ ಮಂಗಳೂರಿನ ಜೈಲಿನಲ್ಲಿದ್ದರು. ದೂಡಿದ ಕೇಸು ಮಾತ್ರ ಆಗಿದ್ದರೆ ಅದೇ ದಿನ ಮನೆಗೆ ಬರುತ್ತಿದ್ದರು, ಈಗ ಪೊಲೀಸರ ಮೇಲೆ ಹಲ್ಲೆಗೆ ಯತ್ನ ಎಂದು ಸೇರಿಸಿದ್ದಾರೆ, ಇದಕ್ಕೆ ಜಾಮೀನು ಸುಲಭ ಇಲ್ಲ, ಕಂಡಕ್ಟರ್ ಲೈಸೆನ್ಸೂ ಹೋಗಬಹುದು ಎಂದು ವಕೀಲರು ಹೇಳಿದ್ದರು. ಮ್ಯಾಜಿಸ್ಟ್ರೇಟರು, ಪೊಲೀಸರು ಹೊಡೆದರಾ ಎಂದು ಕೇಳಿದ್ದಕ್ಕೆ ಈ ಮನುಷ್ಯ ಇಲ್ಲ, ಬಸ್ಸಿನಿಂದ ಇಳಿಯುವಾಗ ಬಿದ್ದೆ ಎಂದುಬಿಟ್ಟಿದ್ದರು. ವಕೀಲರು ಜೈಲಿನಲ್ಲಿ, ನೀನು ಕೈ ಎತ್ತಿದ್ದು ಹೌದಾ ಎಂದು ಕೇಳಿದ್ದಕ್ಕೆ, ಹೌದು ತಪ್ಪಾಯಿತು ಎಂದಿದ್ದರು.

ಎಲ್ಲ ಹೇಳಿ ಮುಗಿಸಿ ಆ ಹೆಂಗಸು ಒಂದೇ ಪ್ರಶ್ನೆ ಕೇಳಿದರು. "ಇವರು ಇರುವೆಗೂ ಹೊಡೆದವರಲ್ಲ ಅಂತ ನಾನು ಹೇಳುವುದಿಲ್ಲ. ಸಿಟ್ಟು ಉಂಟು. ಆದರೆ ಪೊಲೀಸಿಗೆ ಕೈ ಎತ್ತುವ ಧೈರ್ಯ ಇವರಿಗಿಲ್ಲ. ನೀವು ನೋಡಿದ್ದೀರಲ್ಲ, ಹೇಳಿ. ಹೊಡಿಲಿಕ್ಕೆ ಹೋದದ್ದು ಹೌದಾ?"

ಅಲ್ಲ ಎಂದೆ. ಎಷ್ಟು ಗಟ್ಟಿಯಾಗಿ ಎಂದರೆ, ಯಾಕೆ ಅಲ್ಲ ಎಂದು ನನ್ನನ್ನು ನಾನು ಕೇಳಿಕೊಳ್ಳಲೇ ಇಲ್ಲ.

ಅವರು ಹೋದ ಮೇಲೆ ಕಂಪ್ಯೂಟರಿನ ಎದುರು ಕೂತು ಅಫಿಡವಿಟ್ ಟೈಪ್ ಮಾಡಿದೆ. ಕಲಿತದ್ದನ್ನೆಲ್ಲ ಉಪಯೋಗಿಸಲಿಕ್ಕೆ ಸಿಕ್ಕಿದ ಮೊದಲ ಅವಕಾಶ. ಮೂರು ಪುಟ ಆಯಿತು. ಬೇಡಿ ಹಾಕಿದ್ದು ಹೇಗೆ ತಪ್ಪು, ಬಂಧನದ ಕಾರಣವನ್ನು ಹೇಗೆ ತಿಳಿಸಬೇಕಿತ್ತು, ಯಾವ ಸೆಕ್ಷನ್, ಯಾವ ಹಕ್ಕು. ಓದಿ ನೋಡಿದಾಗ ನನಗೇ ಖುಷಿ ಆಯಿತು. ನಮ್ಮ ಅಂಗಡಿಯ ಮೇಲಿನ ಮಹಡಿಯಲ್ಲಿ ಕಂಡಕ್ಟರ ವಕೀಲರ ಆಫೀಸು. ಐವತ್ತು ದಾಟಿದ ಮೇಡಂ. ಮಾತು ಕಡಿಮೆ. ನನ್ನ ಮೂರು ಪುಟಗಳನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಸೆಕ್ಷನ್ ಹಾಕಲಿಕ್ಕೆ ನಾನಿದ್ದೇನೆ ಮಾರಾಯ್ತಿ. ನೀನು ಕಂಡದ್ದು ಎಷ್ಟು ಉಂಟು ಇದರಲ್ಲಿ?"

ಕಂಡದ್ದು ಇದ್ದದ್ದು ಆರು ಸಾಲು. ಅದರಲ್ಲಿ ಒಂದು ಸಾಲಿಗೆ ಅವರು ಪೆನ್ನಿನಿಂದ ಗೆರೆ ಎಳೆದರು. ಸದರಿಯವರು ತಮ್ಮ ಎರಡೂ ಕೈಗಳನ್ನು ಮೇಲಕ್ಕೆ ಎತ್ತಿರುತ್ತಾರೆ, ಎಂದು ಬರೆದಿದ್ದೆ. ಯಾಕೆ ಎತ್ತಿದ ಎಂದು ಕೇಳಿದರು. ಗೊತ್ತಿಲ್ಲ ಮೇಡಂ ಎಂದೆ. ಹಾಗಾದರೆ ಪೊಲೀಸರು ಹೇಳುವುದನ್ನೇ ನೀನೂ ಹೇಳುತ್ತಿದ್ದೀ, ಇದನ್ನು ಹಾಕಿದರೆ ಜಾಮೀನು ಬರುವುದು ಬಿಟ್ಟು ಇನ್ನಷ್ಟು ದೂರ ಹೋಗುತ್ತದೆ ಎಂದು ಕಾಗದಗಳನ್ನು ವಾಪಸ್ ಕೊಟ್ಟರು. ನಾಡಿದ್ದು ಅರ್ಜಿ ಹಾಕಬೇಕು, ಆಲೋಚನೆ ಮಾಡು ಎಂದರು. ಮೆಟ್ಟಿಲು ಇಳಿಯುವಾಗ ನನಗೆ ಅಳು ಬಂದಿತ್ತು. ಮೂರು ಹೆಜ್ಜೆ ದೂರದಲ್ಲಿ ನಿಂತು ನೋಡಿದ್ದೇನೆ, ಆದರೆ ಏನು ನೋಡಿದೆ ಎಂದು ಹೇಳಲಿಕ್ಕೆ ಬರುವುದಿಲ್ಲ.

ಮರುದಿನ ಅದೇ ಬಸ್ಸು. ಬದಲಿ ಕಂಡಕ್ಟರ್. ನಾನು ಕಂಬ ಹಿಡಿದು, ಕೈ ಯಾಕೆ ಎತ್ತಿದರು, ಯಾಕೆ ಎತ್ತಿದರು ಎಂದು ತಲೆಯೊಳಗೆ ತಿರುಗಿಸುತ್ತಾ ನಿಂತಿದ್ದೆ. ತಿರುವು ಬಂತು. ಬಸ್ಸು ನಿಧಾನ ಆಯಿತು. ಬದಲಿ ಕಂಡಕ್ಟರ್ ಬ್ಯಾಗಿನಿಂದ ಒಂದು ನಾಣ್ಯ ತೆಗೆದು, ಮುಷ್ಟಿಯಲ್ಲಿ ಹಿಡಿದು ಇಳಿದರು. ಡಬ್ಬಿಯ ಎದುರು ನಿಂತು ಮುಷ್ಟಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ನಾಣ್ಯ ಹಾಕಿದರು. ಓಡಿ ಬಂದು ಹತ್ತಿದರು.

ನನ್ನ ಕೈ ಆಗಲೇ ನನ್ನ ಎದೆಯ ಮೇಲಿತ್ತು. ಅದನ್ನು ಅಲ್ಲಿ ಇಟ್ಟದ್ದು ನನಗೆ ಗೊತ್ತೇ ಇಲ್ಲ. ತಿರುಗಿ ನೋಡಿದೆ. ನಿಂತವರು, ಕೂತವರು, ಮೊಬೈಲ್ ನೋಡುತ್ತಿದ್ದವರು, ಅರ್ಧ ಬಸ್ಸಿನ ಕೈಗಳು ಎದೆಗೋ ಹಣೆಗೋ ಹೋಗಿ ಕೆಳಗೆ ಇಳಿಯುತ್ತಿದ್ದವು. ಮೊಬೈಲಿನಿಂದ ಕಣ್ಣು ತೆಗೆಯದೆಯೇ.

ಒಮ್ಮೆಲೆ ಎಲ್ಲ ನೆನಪಿಗೆ ಬಂತು. ಅವರು ಬ್ಯಾಗನ್ನು ನನ್ನ ಕೈಗೆ ಕೊಟ್ಟಿದ್ದರು. ಹಾಗಾದರೆ ನೆಲಕ್ಕೆ ಬಿದ್ದ ನಾಣ್ಯ ಎಲ್ಲಿಂದ ಬಂತು? ಮುಷ್ಟಿಯಿಂದ. ಜೀಪು ಅಡ್ಡ ಬರುವ ಮೊದಲೇ ಅದನ್ನು ಹಿಡಿದು ಮೆಟ್ಟಿಲಿಗೆ ಬಂದಿದ್ದರು. ದಿನಕ್ಕೆ ಎಂಟು ಬಾರಿ ಆ ಡಬ್ಬಿಯ ಎದುರು ಹೋಗುವ ಮನುಷ್ಯ, ಬೇಡಿ ಇದ್ದರೂ ಕೈ ತನ್ನ ಕೆಲಸ ಮಾಡಿತು. ಎರಡೂ ಕೈ ಕಟ್ಟಿದ್ದಕ್ಕೆ ಎರಡೂ ಮೇಲೆ ಹೋದವು. ನಾನಾದರೂ ಏನು ಮಾಡಿದೆ? ಬಿದ್ದ ನಾಣ್ಯವನ್ನು ಹೆಕ್ಕಿ ಡಬ್ಬಿಗೇ ಹಾಕಿದ್ದೆ. ಅದು ಡಬ್ಬಿಯದ್ದು ಎಂದು ನನ್ನ ಕೈಗೆ ಗೊತ್ತಿತ್ತು. ಮೂರು ಪುಟ ಬರೆದ ತಲೆಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿದ್ದ ಅಷ್ಟೂ ಜನ, ಕೊನೆಗೆ ಕಂಡಕ್ಟರೂ, ಅದನ್ನು ಹೇಳದೆ ಇದ್ದದ್ದು ಸುಳ್ಳು ಹೇಳಬೇಕೆಂದು ಅಲ್ಲ. ಉಸಿರು ಎಳೆದುಕೊಂಡರು ಎಂದು ಯಾರಾದರೂ ಬರೆಸುತ್ತಾರೆಯೇ?

ಅಂಗಡಿಗೆ ಓಡಿ, ಮೂರು ಪುಟಗಳನ್ನು ಅಳಿಸಿ, ಒಂದೇ ಪುಟ ಬರೆದೆ. ಬ್ಯಾಗು, ಮುಷ್ಟಿ, ಡಬ್ಬಿ, ನಾಣ್ಯ. ಹೆಕ್ಕಿ ಹಾಕಿದವಳು ನಾನೇ ಎಂದು. ಕೊನೆಗೆ ಪೆಟ್ಟುಗಳ ವಿಷಯ ಬಂದಾಗ ಬೆರಳು ನಿಂತಿತು. ಮೊದಲನೆಯದನ್ನು ಬರೆಯಲು ಕಷ್ಟ ಆಗಲಿಲ್ಲ. ಆ ಪೊಲೀಸ್ ದೂರದ ಊರಿನವರು, ಕಬ್ಬಿಣದ ಬೇಡಿ ಸಮೇತ ಒಂದು ಮುಷ್ಟಿ ಮುಖದ ಹತ್ತಿರ ಬಂತು, ಹೆದರಿದರು. ಆದರೆ ಆಮೇಲಿನ ಎರಡು? ಅದನ್ನು ಬರೆದರೆ ಅವರ ಕೆಲಸಕ್ಕೆ ಕುತ್ತು ಬರಬಹುದು. ವಿಡಿಯೋದಲ್ಲಿ ಇಲ್ಲ. ನಾನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಅವರ ಹೆಸರಿನ ಫೋಲ್ಡರ್ ಇತ್ತು, ಒಳಗೆ ಐದು ರಜೆ ಅರ್ಜಿಗಳು. ಅದನ್ನು ತೆರೆದು ಮುಚ್ಚಿದೆ. ಕಂಡಕ್ಟರ್ ತಲೆ ಬಗ್ಗಿಸಿ ಕೂತದ್ದೂ ಕಣ್ಣ ಮುಂದೆ ಇತ್ತು. ಕೊನೆಗೆ ಕಂಡದ್ದನ್ನು ಕಂಡ ಹಾಗೆ ಬರೆದೆ. ಮೂರು ಪೆಟ್ಟು, ಎರಡು ಕೂತ ಮೇಲೆ. ಚಪ್ಪಲಿ ಎತ್ತಿ ಕಾಲಿಗೆ ಹಾಕಿದ್ದನ್ನೂ ಬರೆದೆ. ಇದು ಯಾಕೆ ಎಂದು ಮೇಡಂ ಕೇಳಿದಾಗ, ಅದನ್ನೂ ಕಂಡೆ ಮೇಡಂ ಎಂದೆ. ಆ ಸಾಲನ್ನು ಅವರು ಹೊಡೆದು ಹಾಕಲಿಲ್ಲ.

ಕೋರ್ಟಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಕಂಡಕ್ಟರ ಹೆಂಡತಿ. ಸರ್ಕಾರಿ ವಕೀಲರು ಜಾಮೀನು ಕೊಡಬಾರದು ಎಂದು ವಾದಿಸಿದರು. ಮ್ಯಾಜಿಸ್ಟ್ರೇಟರು ಹೊಸಬರು, ಘಟ್ಟದ ಮೇಲಿನಿಂದ ಬಂದವರು. ನನ್ನ ಪುಟವನ್ನು ಎರಡು ಸಲ ಓದಿದರು. ಬಸ್ಸಿನವರು ದಿನಾ ಹೀಗೆ ನಿಲ್ಲಿಸಿ ಹಾಕುವುದು ನಿಜವೇ ಎಂದು ಸರ್ಕಾರಿ ವಕೀಲರನ್ನೇ ಕೇಳಿದರು. ಆ ಮನುಷ್ಯ ಫೈಲು ತಿರುಗಿಸಿದರು, ಸ್ವಲ್ಪ ಕೆಮ್ಮಿದರು.

"ಹಾಕುವುದು ಹೌದು ಸರ್. ನಾನೂ ಬರುವಾಗ ಕಾರು ನಿಲ್ಲಿಸಿ ಹಾಕಿಯೇ ಬಂದದ್ದು."

ಬೆಂಚ್ ಕ್ಲರ್ಕ್ ತಲೆ ತಗ್ಗಿಸಿ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. ಆರೋಪಿಯ ಎಡಗೈ ಎಕ್ಸ್‌ರೇ ಆಗಿದೆಯೇ, ಇಲ್ಲದಿದ್ದರೆ ಯಾಕೆ ಆಗಿಲ್ಲ ಎಂದು ಕೇಳಿದರು. ಸಂಜೆ ಜಾಮೀನು ಸಿಕ್ಕಿತು. ಕಂಡಕ್ಟರ್ ಒಂಬತ್ತು ದಿನ ಜೈಲಿನಲ್ಲಿದ್ದು ಹೊರಗೆ ಬಂದರು. ಮಣಿಕಟ್ಟಿನಲ್ಲಿ ಸಣ್ಣ ಮೂಳೆ ಮುರಿದಿತ್ತು. ಒಂಬತ್ತು ದಿನ ಅದಕ್ಕೆ ಒಂದು ಬಟ್ಟೆ ಸುತ್ತಿಕೊಂಡು ಇದ್ದರಂತೆ.

ಆಮೇಲೆ ಇಲಾಖೆಯ ವಿಚಾರಣೆಗೆ ನನ್ನನ್ನು ಕರೆದರು. ಹಿರಿಯ ಅಧಿಕಾರಿ ಒಬ್ಬರು ಕುರ್ಚಿ ಕೊಟ್ಟು, ನೀರು ಕೊಟ್ಟು, ಎಷ್ಟು ಪೆಟ್ಟು ಎಂದು ಕೇಳಿದರು. ಮೂರು ಎಂದೆ. ವಾರದೊಳಗೆ ಆ ಪೊಲೀಸ್ ಸಸ್ಪೆಂಡ್ ಆದ ಸುದ್ದಿ ಬಂತು. ಬೇಡಿ ಹಾಕು ಎಂದು ಕೂಗಿದ ಎಎಸ್‌ಐಗೆ ಏನೂ ಆಗಲಿಲ್ಲ.

ಒಂದು ಮಧ್ಯಾಹ್ನ ಅವರೇ ಅಂಗಡಿಗೆ ಬಂದರು. ಸಾದಾ ಶರಟು, ಗಡ್ಡ ಬಂದಿತ್ತು. ಅವರು ಎಂದಿನ ಸ್ಟೂಲನ್ನು ಎಳೆದು ಕೂತರು.

"ಐದು ಅರ್ಜಿ ಹೊಡಿಸಿದೆ ನಿನ್ನ ಕಡೆ, ಒಂದಕ್ಕೂ ರಜಾ ಸಿಗಲಿಲ್ಲ. ನೀ ಒಂದ ಅಫಿಡವಿಟ್ ಹೊಡದಿ ನೋಡ ತಂಗೆವ್ವ, ಬೇಕಾದಷ್ಟ ರಜಾ ಸಿಕ್ತು."

ಅವರೇ ನಕ್ಕರು, ಆ ನಗು ಅರ್ಧಕ್ಕೇ ನಿಂತಿತು. ಸಸ್ಪೆಂಡ್ ಆದರೂ ಊರಿಗೆ ಹೋಗಬೇಕಾದರೆ ಅನುಮತಿ ಬೇಕಂತೆ, ಅದಕ್ಕೂ ಒಂದು ಅರ್ಜಿ. ಟೈಪ್ ಮಾಡಿಸಲಿಕ್ಕೆ ಬಂದಿದ್ದರು. ನಾನು ಅವರ ಹಳೆಯ ಫೋಲ್ಡರ್ ತೆರೆದು ಹೊಸ ಪುಟ ಶುರು ಮಾಡಿದೆ. ಹೇಳುತ್ತಾ ಹೇಳುತ್ತಾ ಅವರು ನಡುವೆ ನಿಲ್ಲಿಸಿ, ಕಂಡಕ್ಟರ್ ಕೈ ಎತ್ತಿದ್ದು ಆ ಡಬ್ಬಿಗೇನಾ ಎಂದು ಕೇಳಿದರು. ಹೌದು ಸರ್ ಎಂದೆ.

"ನಾಲ್ಕ ವರ್ಷ ಆತು ಆ ರಸ್ತೆದಾಗ ಅಡ್ಡಾಡಾಕತ್ತಿ. ಅದನ್ನ ಕರೆಂಟಿನ ಪೆಟ್ಟಿಗಿ ಅಂತ ತಿಳಕೊಂಡಿದ್ದೆ ನಾ. ನಮ್ಮೂರಾಗ ಹನಮಪ್ಪನ ಗುಡಿ ಮುಂದ ನಾನೂ ಗಾಡಿ ನಿಂದ್ರಿಸಿ ಕೈ ಮುಗೀತೀನಿ."

ಇಷ್ಟು ಹೇಳಿದ ಮೇಲೆ ನನಗೆ ಧೈರ್ಯ ಬಂತು. ಎಷ್ಟೋ ದಿನದಿಂದ ಒಳಗೆ ಇದ್ದದ್ದನ್ನು ಕೇಳಿದೆ.

"ಸರ್, ಮೊದಲನೆಯ ಪೆಟ್ಟು ನನಗೆ ಅರ್ಥ ಆಗ್ತದೆ. ಅವರು ಕೂತ ಮೇಲೆ ಮತ್ತೆ ಯಾಕೆ ಹೊಡೆದದ್ದು?"

ಅವರು ಕೌಂಟರಿನ ಮೇಲಿನ ಸ್ಟೇಪ್ಲರನ್ನು ಕೈಗೆ ತೆಗೆದುಕೊಂಡರು. ಆಮೇಲೆ ಮೆತ್ತಗೆ ಹೇಳಿದರು.

"ಮೊದಲನೇದು ಅಂಜಿಕಿ. ಆಮ್ಯಾಲಿಂದು ನಾ ಅಂಜಿದ್ನಲ್ಲ ಅನ್ನೋ ಸಿಟ್ಟು. ಸಾಹೇಬ್ರು ಕೇಳಿದಾಗೂ ಇದನ್ನ ಹೇಳೇನಿ. ನೀ ಬರದದ್ದು ತಪ್ಪಲ್ಲವಾ. ಚಪ್ಪಲಿದು ಯಾಕ ಬರದಿ, ಅದೊಂದ ನಂಗ ತಿಳೀಲಿಲ್ಲ."

ನಾನು ಪ್ರಿಂಟ್ ಕೊಟ್ಟೆ. ಅವರು ಸಹಿ ಹಾಕಿ, ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಇಟ್ಟುಕೊಂಡರು. ಅವಂದು ಕೈ ಹೆಂಗೈತಿ ಎಂದು ಕೇಳಿದರು. ಬೆರಳು ಇನ್ನೂ ಸರಿಯಾಗಿ ಮಡಚುವುದಿಲ್ಲ ಎಂದೆ. ಹೂಂ ಎಂದು ಎದ್ದು ಹೋದರು. ಆ ಅನುಮತಿ ಸಿಕ್ಕಿತು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಫೋಟೋ ಒಂದು ನನ್ನ ಮೊಬೈಲಿಗೆ ಬಂತು. ಮತ್ತೆ ಅವರು ಈ ಕಡೆ ಬರಲಿಲ್ಲ, ಸಸ್ಪೆನ್ಷನ್ ತೆರವಾಗಿ ಊರ ಹತ್ತಿರಕ್ಕೇ ವರ್ಗ ಆಯಿತು ಎಂದು ಕೇಳಿದೆ.

ಕೆಲವು ತಿಂಗಳ ನಂತರ ಪೊಲೀಸರು ಕೋರ್ಟಿಗೆ ಕೊಟ್ಟ ಚಾರ್ಜ್‌ಶೀಟಿನಲ್ಲಿ ಡ್ರೈವರನ್ನು ದೂಡಿದ ವಿಷಯ ಮಾತ್ರ ಇತ್ತು. ಪೊಲೀಸರ ಮೇಲೆ ಹಲ್ಲೆ ಎಂಬುದು ಇರಲಿಲ್ಲ. ಮೇಡಂ ಅದನ್ನು ನನಗೆ ತೋರಿಸಿ, ಓದು, ಎಷ್ಟು ಸೆಕ್ಷನ್ ಉಂಟು ನೋಡು ಎಂದು ಗೇಲಿ ಮಾಡಿದರು. ಲೈಸೆನ್ಸ್ ಉಳಿಯಿತು. ದೂಡಿದ ಕೇಸು ಇನ್ನೂ ನಡೆಯುತ್ತಿದೆ. ಹಣೆ ಒಡೆದ ಡ್ರೈವರೂ ನಮ್ಮ ಕಂಡಕ್ಟರೂ ವಾಯಿದೆಯ ದಿನ ಕೋರ್ಟಿನ ಹೊರಗೆ ಒಂದೇ ಬೆಂಚಿನಲ್ಲಿ ಕೂತು ಟೈಮಿಂಗ್ ವಿಷಯವೇ ಮಾತಾಡುತ್ತಾರಂತೆ.

ಕಂಡಕ್ಟರ್ ಬಸ್ಸಿಗೆ ವಾಪಸ್ ಬಂದ ದಿನ ನಾನು ನನ್ನ ಕಂಬದ ಹತ್ತಿರ ಇದ್ದೆ. ಎಡಗೈ ಬೆರಳುಗಳ ನಡುವೆ ನೋಟು ನಿಲ್ಲುತ್ತಿರಲಿಲ್ಲ. ಎರಡು ಸಲ ಬಿದ್ದವು, ಮಕ್ಕಳು ಹೆಕ್ಕಿ ಕೊಟ್ಟರು. ಮತ್ತೆ ಎಲ್ಲವನ್ನೂ ಬ್ಯಾಗಿಗೇ ತುರುಕಿಕೊಂಡು ಟಿಕೆಟ್ ಕೊಡತೊಡಗಿದರು. ನನ್ನ ಹತ್ತಿರ ಬಂದು ಟಿಕೆಟ್ ಬೇಡ ಎಂದರು, ನಾನು ಬೇಕು ಎಂದೆ, ಕೊಟ್ಟರು. ತಿರುವು ಹತ್ತಿರ ಬಂತು. ಅವರು ನಾಣ್ಯ ತೆಗೆದು ಮೆಟ್ಟಿಲಿಗೆ ಇಳಿದು ನಿಂತವರು ತಿರುಗಿದರು.

"ಅಕ್ಕ, ಆ ದಿನದ ಕಾಣಿಕೆಯ ಪಾವಲಿ ಅಲ್ಲೇ ರಸ್ತೆಯಲ್ಲಿ ಹೋಯಿತಾ? ಜೈಲಿನಲ್ಲಿ ನನಗೆ ಅದೇ ಆಲೋಚನೆ. ಒಂದು ಟ್ರಿಪ್ಪಿನದ್ದು ಹಾಕದೆ ಬಾಕಿ ಆಯ್ತಲ್ಲ ಅಂತ."

"ಇಲ್ಲ ಅಣ್ಣ, ನಾನು ಹೆಕ್ಕಿ ಹಾಕಿದ್ದೆ. ಆಗಲೇ."

ಅವರು ನನ್ನನ್ನೊಮ್ಮೆ ನೋಡಿ, ಸರಿ ಎನ್ನುವಂತೆ ತಲೆ ಆಡಿಸಿ ಇಳಿದರು. ನಾಣ್ಯವಿದ್ದ ಬಲಗೈ ಕಣ್ಣಿಗೆ ಹೋಯಿತು. ಸರಿಯಾಗಿ ಮಡಚದ ಎಡಗೈ ಕೂಡ, ಬೇಡಿ ಇಲ್ಲದಿದ್ದರೂ, ಅದರ ಜೊತೆಗೇ ಎದ್ದಿತು. ಡಬ್ಬಿಯೊಳಗೆ ನಾಣ್ಯ ಬಿದ್ದ ಸದ್ದು ಕೇಳಿತು. ಅವರು ಓಡಿ ಬಂದು ಹತ್ತಿ, ಬಾಗಿಲಿಗೆ ಎರಡು ಬಡಿದು, ನನಗೆ ಸ್ವಲ್ಪ ಎದುರು ಹೋಗಲು ಹೇಳಿದರು.